ನಿಧಿ ಹುಡುಕುವ ಮಿಷನ್ನಿಗೆ ಮೊಳೆ ಹುಡುಕುವ ಕೆಲಸ ಕೊಡೋಣ

ನಮ್ಮ ಕಡೆ ಲೋಹ ಪತ್ತೆ ಮಾಡುವ ಯಂತ್ರಕ್ಕೆ 'ನಿಧಿ ಮಿಷನ್ನು' ಅಂತಲೇ ಹೆಸರು. ಅದನ್ನು ಹೆಗಲ ಮೇಲಿಟ್ಟುಕೊಂಡು ಹೊಲಕ್ಕೆ ಹೊರಟರೆ ಅರಳಿಕಟ್ಟೆ ಮೇಲೆ ಕೂತವರು ಸುಮ್ಮನಿರುವುದಿಲ್ಲ. "ಏನಣ್ಣ, ಕೊಪ್ಪರಿಗೆ ಸಿಕ್ತಾ?" ಅಂತಾರೆ. "ಸಿಕ್ತು ಕಣಪ್ಪ, ಅರ್ಧ ಬಕೀಟು ತುಕ್ಕು ಮೊಳೆ" ಅಂತೀನಿ. ನಗುತ್ತಾರೆ. ನಗಲಿ ಬಿಡಿ. ಆ ಅರ್ಧ ಬಕೀಟು ತುಕ್ಕು ಮೊದಲೇ ನನ್ನ ಕೈಗೆ ಸಿಕ್ಕಿದ್ದರೆ ನಮ್ಮ ಗೌರಿ ಇವತ್ತು ಕೊಟ್ಟಿಗೆಯಲ್ಲಿ ಇರುತ್ತಿದ್ದಳು.

ನಾನು ಚಿತ್ರದುರ್ಗ ಜಿಲ್ಲೆಯ ಒಣಬೇಸಾಯದವನು. ಒಟ್ಟು ಒಂಬತ್ತು ಎಕರೆ. ಮೇಲಿನ ಆರು ಎಕರೆ ಗರಸು ಕೂಡಿದ ಕೆಂಪು ನೆಲ, ಹಳ್ಳದ ಕಡೆ ಎರಡು ಎಕರೆ ಎರೆ, ಹಳೇ ಕೆರೆಯ ಕೆಳಗೆ ಒಂದು ಎಕರೆ ಚೌಳು. ಮಳೆ ಬಂದರೆ ಶೇಂಗಾ, ತೊಗರಿ, ನವಣೆ. ಓದಿದ್ದು ಏಳನೇ ಇಯತ್ತೆ. ಯಂತ್ರದ ವಿಷಯ ಬರೆಯಲು ನೀನ್ಯಾರು ಅಂತ ಕೇಳಿದರೆ ನನ್ನ ಹತ್ತಿರ ಸರ್ಟಿಫಿಕೇಟು ಇಲ್ಲ. ಮೂರು ತರದ ನೆಲದ ಮೇಲೆ ಅದನ್ನು ಆಡಿಸಿ, ತಪ್ಪಿ, ತಿದ್ದಿಕೊಂಡ ಅನುಭವ ಇದೆ. ಅಷ್ಟನ್ನೇ ಬರೆಯುತ್ತೇನೆ.

ಗೌರಿ ಸತ್ತದ್ದು ನನ್ನ ತಪ್ಪಿನಿಂದ

ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಕಾಡುಹಂದಿ ಕಾಟ ನಿಮಗೆಲ್ಲ ಗೊತ್ತಿದ್ದದ್ದೇ. 2021ರ ಮಳೆಗಾಲದಲ್ಲಿ ಹಂದಿ ಬೆದರಿಸಲು ಹೊಲದ ನಾಲ್ಕು ಮೂಲೆಗೆ ಹಳೇ ಟೈರು ಸುಟ್ಟೆ. ಟೈರು ಸುಟ್ಟು ಬೂದಿಯಾಯಿತು, ಅದರೊಳಗಿನ ಉಕ್ಕಿನ ತಂತಿ ಬೂದಿಯಾಗಲಿಲ್ಲ. ಕುಂಟೆ ಹೊಡೆದಾಗ ಆ ತಂತಿ ಚೂರಾಗಿ ಹೊಲದ ತುಂಬ ಹರಡಿತು. ಶೇಂಗಾ ಹೊಟ್ಟಿನ ಜೊತೆ ಬಣವೆಗೂ ಬಂತು. ನಾನು ನೋಡಿದೆ, ಇಷ್ಟು ಸಣ್ಣ ತಂತಿ ಏನು ಮಾಡೀತು ಅಂತ ಸುಮ್ಮನಾದೆ.

2022ರ ದೀಪಾವಳಿ ಕಳೆದ ಮೇಲೆ ಗೌರಿ ಮೇವು ಬಿಟ್ಟಳು. ಏಳು ತಿಂಗಳ ಗಬ್ಬ. ಮೆಲುಕು ನಿಂತಿತು. ಮುಂಗಾಲು ಅಗಲಿಸಿ, ಬೆನ್ನು ಗೂನು ಮಾಡಿ ನಿಲ್ಲುತ್ತಿದ್ದಳು. ಮಲಗಲು ಹೆದರಿಕೆ. ಇಳಿಜಾರಿನಲ್ಲಿ ಹೊಡೆದರೆ ನರಳುತ್ತಿದ್ದಳು. ಅಜೀರ್ಣ ಅಂದುಕೊಂಡು ಶುಂಠಿ, ಬೆಲ್ಲ, ಓಮ ಕುಡಿಸಿದೆ. ಗಂಗೆದೊಗಲಿನಲ್ಲಿ ನೀರು ತುಂಬಿದ ಹಾಗೆ ಊತ ಬಂದ ಮೇಲೆ ಡಾಕ್ಟರನ್ನು ಕರೆದೆ. ಅವರು ಕುತ್ತಿಗೆಯ ರಕ್ತನಾಳ ಹಗ್ಗದ ಹಾಗೆ ಉಬ್ಬಿದ್ದನ್ನು ತೋರಿಸಿ, "ಕಬ್ಬಿಣ ನುಂಗಿದೆ, ಹೃದಯಕ್ಕೆ ಚುಚ್ಚಿದೆ, ತಡವಾಯ್ತು" ಅಂದರು. ನಾಲ್ಕು ದಿನಕ್ಕೆ ಹೋದಳು. ಆಮೇಲೆ ಕೊಯ್ದು ನೋಡಿದಾಗ ಎರಡೂವರೆ ಇಂಚಿನ ಟೈರು ತಂತಿ.

ಡಾಕ್ಟರು ಹೇಳಿದ್ದು ಇಷ್ಟು. ದನ ಮೇಕೆಯ ಹಾಗೆ ತುಟಿಯಿಂದ ಆರಿಸಿ ತಿನ್ನುವುದಿಲ್ಲ, ನಾಲಿಗೆಯಿಂದ ಬಾಚಿಕೊಂಡು ಸರಿಯಾಗಿ ಅಗಿಯದೆ ನುಂಗುತ್ತದೆ. ಭಾರದ ಕಬ್ಬಿಣ ಜೇನುಗೂಡಿನ ಹಾಗಿರುವ ಎರಡನೇ ಹೊಟ್ಟೆಯಲ್ಲಿ ಕೂರುತ್ತದೆ. ಅದರ ಮುಂದೆಯೇ ಹೃದಯ. ಹೊಟ್ಟೆ ಹಿಂಡಿದಾಗೆಲ್ಲ ತಂತಿ ಮುಂದಕ್ಕೆ ಸರಿಯುತ್ತದೆ. ಗಬ್ಬದ ಹಸುವಿಗೆ ಕರು ಒತ್ತುವುದರಿಂದ ಅಪಾಯ ಇನ್ನೂ ಜಾಸ್ತಿ.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ಹೊಲದಲ್ಲಿ, ಕಣದಲ್ಲಿ ಇರುವ ಕಬ್ಬಿಣ ಆಯುವುದು ಹೇಗೆ?

ನಿಧಿಯವರು ಬಂದರು

ಯಂತ್ರವನ್ನು ಮೊದಲು ನೋಡಿದ್ದು ಕೆಟ್ಟ ಕಾಲದಲ್ಲಿ. 2023ರಲ್ಲಿ ಬರ. ರಾಜ್ಯದ ಹೆಚ್ಚುಕಡಿಮೆ ಎಲ್ಲ ತಾಲ್ಲೂಕೂ ಬರದ ಪಟ್ಟಿಯಲ್ಲಿತ್ತು. ನನ್ನ ಬೋರು ಒಣಗಿತು, ಇನ್ನೊಂದು ಕೊರೆಸಿದ್ದು ಧೂಳು ಉಗುಳಿತು. ಆ ಸಾಲದ ಬಿಸಿಯಲ್ಲಿರುವಾಗ 2024ರ ಶಿವರಾತ್ರಿಗೆ ಮುಂಚೆ ಪಟ್ಟಣದ ಕಡೆಯಿಂದ ನಾಲ್ಕು ಜನ ಜೀಪಿನಲ್ಲಿ ಬಂದರು. ನಮ್ಮ ಬದುವಿನ ಮೇಲೆ ಒಂದು ಹಳೇ ವೀರಗಲ್ಲು ಇದೆ. ನಮ್ಮಪ್ಪನ ಕಾಲದಿಂದ ಯುಗಾದಿಗೆ ಎಣ್ಣೆ ಹಚ್ಚಿ ಕೈಮುಗಿಯುತ್ತೇವೆ. ಅದರ ಬುಡದಲ್ಲಿ ಬಂಗಾರ ಇದೆ, ಮೂರರಲ್ಲಿ ಒಂದು ಪಾಲು ನಿನಗೆ ಅಂದರು.

ನಮ್ಮ ಮನೆಯಾಕೆ "ಬ್ಯಾಡ ಕಣ್ರೀ, ಆ ಕಲ್ಲು ಮುಟ್ಟಬ್ಯಾಡ್ರಿ" ಅಂತ ಎರಡು ಸಲ ಹೇಳಿದಳು. ಸಾಲ ಇದ್ದವನ ಕಿವಿ ಕಿವುಡು. ಒಪ್ಪಿದೆ.

ಅವರ ಹತ್ತಿರ ಎರಡು ಸಾಮಾನು ಇತ್ತು. ಒಂದು ತಟ್ಟೆಯಿರುವ ಯಂತ್ರ. ಇನ್ನೊಂದು ಬರೀ ಹಿಡಿಕೆ, ಅದಕ್ಕೊಂದು ತಿರುಗುವ ಆಂಟೆನಾ. "ಇದು ಇನ್ನೂರು ಮೀಟರ್ ದೂರದಿಂದಲೇ ಬಂಗಾರ ತೋರಿಸ್ತದೆ" ಅಂದರು. ಅದು ವೀರಗಲ್ಲಿನ ಕಡೆ ತಿರುಗಿತು. ಹಿಡಿದವನಿಗೆ ಕಲ್ಲು ಎಲ್ಲಿದೆ ಅಂತ ಗೊತ್ತಿತ್ತಲ್ಲ, ತಿರುಗದೆ ಇನ್ನೇನು! ತಟ್ಟೆಯ ಯಂತ್ರ ಮಾತ್ರ ಇಟ್ಟ ಕಡೆಯೆಲ್ಲ ಕಿರುಚಿತು. ಕಿರುಚಿದಷ್ಟೂ ಅವರಿಗೆ ಸಂತೋಷ. ಅಮಾವಾಸ್ಯೆ ರಾತ್ರಿ ಏಳು ಅಡಿ ಅಗೆದರು. ಸಿಕ್ಕಿದ್ದು ಕಬ್ಬಿಣದ ಕಿಟ್ಟದ ಉಂಡೆಗಳು. ಹಿಂದಿನ ಕಾಲದಲ್ಲಿ ಯಾರೋ ಅಲ್ಲಿ ಕಬ್ಬಿಣ ಕರಗಿಸಿರಬೇಕು. ಬೆಳಗಾಗುವುದರೊಳಗೆ ಅವರೂ ಇಲ್ಲ, ಜೀಪೂ ಇಲ್ಲ. ಕಲ್ಲು ಮಗುಚಿ ಬಿದ್ದಿತ್ತು.

ಗುಂಡಿ ಅರೆಬರೆ ಮುಚ್ಚಿದೆ. ಆ ವರ್ಷ ದೇವರು ಮಳೆ ಕೊಟ್ಟ. ಆದರೆ ಸಡಿಲವಾದ ಜಾಗದಲ್ಲೇ ಬದು ಕಿತ್ತು ಅರ್ಧ ಎಕರೆಯ ಮೇಲ್ಮಣ್ಣು ಹಳ್ಳಕ್ಕೆ ಹೋಯಿತು. ನಮ್ಮಪ್ಪ ಇಪ್ಪತ್ತು ವರ್ಷ ಕಟ್ಟಿದ ಬದು. ಹದಿನಾಲ್ಕು ಟ್ರ್ಯಾಕ್ಟರ್ ಕೆರೆಗೋಡು ಹೊಡೆಸಿದರೂ ಆ ತುಂಡು ಇನ್ನೂ ಮೊದಲಿನ ಹಾಗೆ ಆಗಿಲ್ಲ. ನಿಧಿ ನಮ್ಮ ಹೊಲದಲ್ಲಿ ಇದ್ದದ್ದು ನಿಜ. ಅದು ಆ ಮೇಲ್ಮಣ್ಣು. ಅದನ್ನು ನಾನೇ ಅಗೆಸಿ ಕಳಕೊಂಡೆ.

ಆಂಟೆನಾ ಹಿಡಿಕೆಯ ವಿಷಯ ಆಮೇಲೆ ತಿಳಿಯಿತು. ಇಂಥದ್ದೇ ಹಿಡಿಕೆಯನ್ನು ಬಾಂಬು ಹುಡುಕುವ ಯಂತ್ರ ಅಂತ ಇರಾಕಿಗೆ ಕೋಟಿಗಟ್ಟಲೆಗೆ ಮಾರಿದ ಬ್ರಿಟಿಷ್ ವ್ಯಾಪಾರಿಯೊಬ್ಬನಿಗೆ 2013ರಲ್ಲಿ ಲಂಡನ್ ಕೋರ್ಟು ಹತ್ತು ವರ್ಷ ಜೈಲು ಹಾಕಿತು. ಅದರೊಳಗೆ ಕೆಲಸ ಮಾಡುವಂಥದ್ದು ಏನೂ ಇರಲಿಲ್ಲ. ಅದನ್ನು ನಂಬಿ ಅಲ್ಲಿ ಜೀವಗಳೇ ಹೋದವು. ದೂರದಿಂದಲೇ ಬಂಗಾರ ತೋರಿಸುವ ಹಿಡಿಕೆ ತಂದವರು ನಿಮ್ಮ ಹೊಲಕ್ಕೆ ಬಂದರೆ ಒಂದು ಲೋಟ ನೀರು ಕೊಟ್ಟು ಕಳಿಸಿಬಿಡಿ.

ಯಂತ್ರ ಕಿರುಚುವುದು ಯಾಕೆ

ತಟ್ಟೆಯ ಯಂತ್ರ ಮಾತ್ರ ಸುಳ್ಳಲ್ಲ. ನಮ್ಮ ಅಕ್ಕನ ಮಗ ಬೆಂಗಳೂರಲ್ಲಿ ವೈರಿಂಗ್ ಕೆಲಸ ಮಾಡುತ್ತಾನೆ. ನನ್ನ ಗೋಳು ಕೇಳಿ 2024ರ ದೀಪಾವಳಿಗೆ ಬರುವಾಗ ಸೆಕೆಂಡ್ ಹ್ಯಾಂಡ್ ಯಂತ್ರವೊಂದನ್ನು ಏಳು ಸಾವಿರಕ್ಕೆ ತಂದುಕೊಟ್ಟ. "ಮಾವ, ಇದನ್ನ ಓದಿಕೊಂಡು ಆಡಿಸು, ಸುಮ್ನೆ ಆಡಿಸಬ್ಯಾಡ" ಅಂದ. ಅವನು ಹೇಳಿದ ತತ್ವ ಸುಲಭ.

ತಟ್ಟೆಯೊಳಗೆ ತಂತಿಯ ಸುರುಳಿ ಇದೆ. ಅದರಲ್ಲಿ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಹರಿದು ನೆಲಕ್ಕೆ ಅಯಸ್ಕಾಂತದ ಅಲೆ ಬಿಡುತ್ತದೆ. ಕೆಳಗೆ ಲೋಹ ಇದ್ದರೆ ಅದರಲ್ಲೂ ಸಣ್ಣ ಕರೆಂಟು ಹುಟ್ಟಿ, ತಿರುಗಿ ಅಲೆ ಬರುತ್ತದೆ. ಬಾವಿಗೆ ಬಗ್ಗಿ ಕೂಗಿದರೆ ಮಾರ್ದನಿ ಬಂದ ಹಾಗೆ. ತೊಂದರೆ ಏನೆಂದರೆ ಮಣ್ಣೂ ಮಾರ್ದನಿ ಕೊಡುತ್ತದೆ. ನಮ್ಮ ಕೆಂಪು ಮಣ್ಣಿನ ಕೆಂಪು ಕಬ್ಬಿಣದಿಂದಲೇ ಬಂದದ್ದು. ಅದರಲ್ಲಿ ಅಯಸ್ಕಾಂತಕ್ಕೆ ಅಂಟುವ ಜಾತಿಯ ಕಬ್ಬಿಣ ಇದ್ದರೆ ಯಂತ್ರ ಗೊಂದಲಕ್ಕೆ ಬೀಳುತ್ತದೆ. ನಿಧಿಯವರ ಯಂತ್ರ ಕಿರುಚಿದ್ದು ಬಂಗಾರಕ್ಕಲ್ಲ, ನಮ್ಮ ಗರಸಿಗೆ ಮತ್ತು ಕಿಟ್ಟಕ್ಕೆ. ಅವರಿಗೆ ನೆಲದ ಗುಣವೇ ಗೊತ್ತಿರಲಿಲ್ಲ.

ನೆಲದ ಗುಣ ತಿಳಿಯಲು ಯಂತ್ರ ಬೇಡ. ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಣ ಮಣ್ಣಿನಲ್ಲಿ ಎಳೆಯಿರಿ. ಕಪ್ಪು ಮರಳು ಗಡ್ಡದ ಹಾಗೆ ಅಂಟಿದರೆ ಅದು ಗಲಾಟೆ ನೆಲ. ಏನೂ ಅಂಟದಿದ್ದರೆ ಸಾಧು ನೆಲ.

ಯಾವ ನೆಲಕ್ಕೆ ಯಾವ ರೀತಿ

ಕೆಂಪು ಗರಸು ನೆಲ: ಇಲ್ಲಿ ಮೊದಲ ಕೆಲಸ ಗ್ರೌಂಡ್ ಬ್ಯಾಲೆನ್ಸ್. ಲೋಹ ಇಲ್ಲದ ಜಾಗ ನೋಡಿ ತಟ್ಟೆಯನ್ನು ಮೊಣಕಾಲೆತ್ತರದಿಂದ ನೆಲದ ಹತ್ತಿರಕ್ಕೆ ನಾಲ್ಕಾರು ಸಲ ಇಳಿಸಿ ಏರಿಸಿ. ಇಳಿಸಿದಾಗ ಸದ್ದು ಏರಿದರೆ ಅಥವಾ ತಗ್ಗಿದರೆ ಸರಿಯಾಗಿಲ್ಲ. ಏರಿಸಿದರೂ ಇಳಿಸಿದರೂ ಒಂದೇ ಸದ್ದು ಬರುವವರೆಗೆ ತಿರುಪು ತಿರುಗಿಸಬೇಕು. ಅಗ್ಗದ ಯಂತ್ರದಲ್ಲಿ ಈ ತಿರುಪು ಇರುವುದಿಲ್ಲ. ಆಗ ಸೆನ್ಸಿಟಿವಿಟಿ ಕಡಿಮೆ ಮಾಡಿ. ನಾವು ಪೂರ್ತಿ ಏರಿಸಿದರೆ ಆಳ ಸಿಗುತ್ತದೆ ಅಂದುಕೊಳ್ಳುತ್ತೇವೆ. ಗಲಾಟೆ ನೆಲದಲ್ಲಿ ಅದು ಉಲ್ಟಾ. ಸಂತೆಯಲ್ಲಿ ಎಲ್ಲರೂ ಕೂಗಿದರೆ ಯಾರ ಮಾತೂ ಕೇಳಿಸುವುದಿಲ್ಲ. ಸ್ವಲ್ಪ ಇಳಿಸಿದರೆ ಮೊಳೆಯ ಸದ್ದು ಬಿಡಿಸಿ ಕೇಳುತ್ತದೆ. ತಟ್ಟೆಯನ್ನು ನಿಧಾನಕ್ಕೆ ಆಡಿಸಿ. ಆರು ಎಕರೆಯ ಒಳಗೇ ಗರಸು ಬದಲಾಗುತ್ತದೆ, ಹಾಗಾಗಿ ಪ್ರತಿ ಪಟ್ಟಿಗೂ ಮತ್ತೆ ಬ್ಯಾಲೆನ್ಸ್ ಮಾಡಬೇಕು.

ಎರೆ ನೆಲ: ಇಲ್ಲಿ ಕಾಲ ನೋಡಬೇಕು. ಬೇಸಿಗೆಯಲ್ಲಿ ಎರೆ ಬಿರಿದು ಬಿರುಕಾಗುತ್ತದೆ. ಬಿದ್ದ ಮೊಳೆ, ಲಾಳ, ಪಿನ್ನು ಬಿರುಕಿನೊಳಗೆ ಇಳಿದು ಯಂತ್ರಕ್ಕೆ ಎಟುಕದ ಆಳಕ್ಕೆ ಹೋಗುತ್ತವೆ. ಆದ್ದರಿಂದ ಒಕ್ಕಣೆ ಮುಗಿದ ಕೂಡಲೇ, ಬಿರುಕು ದೊಡ್ಡದಾಗುವ ಮುಂಚೆಯೇ ಒಂದು ಸಲ ಹುಡುಕಿಬಿಡಿ. ಇನ್ನೊಂದು ಒಳ್ಳೇ ಸಮಯ, ಮೊದಲ ಹದ ಮಳೆ ಆಗಿ ಕಾಲಿಗೆ ಮಣ್ಣು ಅಂಟುವುದು ನಿಂತ ಮೇಲೆ. ಹದದ ನೆಲದಲ್ಲಿ ತುಕ್ಕು ಹಿಡಿದ ಹಳೇ ಕಬ್ಬಿಣದ ಸದ್ದು ಒಣ ನೆಲಕ್ಕಿಂತ ಚೆನ್ನಾಗಿ ಬರುತ್ತದೆ ಅನ್ನುವುದು ನನ್ನ ಅನುಭವ. ಬಿರುಕಿನ ಮೇಲೆ ತಟ್ಟೆ ಹೋದಾಗ ಸುಳ್ಳು ಸದ್ದು ಬರುವುದುಂಟು. ನಂಬಬೇಡಿ.

ಚೌಳು ನೆಲ: ಎರೆಗೆ ಹೇಳಿದ್ದಕ್ಕೆ ತದ್ವಿರುದ್ಧ. ಉಪ್ಪು ನೀರು ಕರೆಂಟು ಹರಿಸುತ್ತದೆ. ಚೌಳು ಒದ್ದೆಯಾದರೆ ಇಡೀ ನೆಲವೇ ಲೋಹದ ತಗಡಿನ ಹಾಗೆ ಮಾತಾಡುತ್ತದೆ. ಹದಕ್ಕೆ ಕಾಯಬೇಡಿ. ಬೇಸಿಗೆಯಲ್ಲಿ ಮೇಲೆ ಬಿಳಿ ಉಪ್ಪು ಹೂಬಿಟ್ಟು ಒಣಗಿದಾಗ, ಸೆನ್ಸಿಟಿವಿಟಿ ಇಳಿಸಿ ಹುಡುಕಿ. ತಟ್ಟೆಯನ್ನು ಎರಡು ಬೆರಳು ಮೇಲೆತ್ತಿ ಆಡಿಸಿದರೆ ಗಲಾಟೆ ಇನ್ನೂ ಕಡಿಮೆ.

ಹಳ್ಳದ ಮರಳು: ಶುದ್ಧ ಮರಳು ಅತಿ ಸಾಧು. ಆದರೆ ಹಳ್ಳದ ತಿರುವಿನಲ್ಲಿ ಕಪ್ಪು ಮರಳಿನ ಪಟ್ಟೆ ನಿಂತಿರುತ್ತದೆ. ಅದು ಕಬ್ಬಿಣದ ಅದಿರಿನ ಪುಡಿ. ಅಲ್ಲಿ ಕೆಂಪು ನೆಲದ ನಿಯಮವೇ.

ಉತ್ತ ನೆಲ: ಹೆಂಟೆ ಇದ್ದಾಗ ಹುಡುಕುವುದು ವ್ಯರ್ಥ. ತಟ್ಟೆ ಒಂದು ಕಡೆ ಹೆಂಟೆಗೆ ಬಡಿದು ಇನ್ನೊಂದು ಕಡೆ ಗೇಣು ಎತ್ತರಕ್ಕೆ ನಿಲ್ಲುತ್ತದೆ. ಕುಂಟೆ ಹೊಡೆದು ಸಮ ಮಾಡಿದ ಮೇಲೆ ಹುಡುಕಿ. ಉಳುಮೆ ಅಡಿಯ ವಸ್ತುವನ್ನು ಮೇಲೆ ತರುತ್ತದೆ, ಹಾಗಾಗಿ ಪ್ರತಿ ಉಳುಮೆಯಾದ ಮೇಲೂ ಹೊಸದು ಸಿಗುತ್ತದೆ.

ಸುಟ್ಟ ನೆಲ: ಇಟ್ಟಿಗೆ ಸುಟ್ಟ ಜಾಗ, ಹಳೇ ಒಲೆ, ಕೂಳೆ ಸುಟ್ಟ ಗುರುತು ಇರುವಲ್ಲಿ ಬೆಂಕಿಯ ಕಾವಿಗೆ ಮಣ್ಣಿನ ಕಬ್ಬಿಣ ರೂಪ ಬದಲಿಸಿ ಅಯಸ್ಕಾಂತಕ್ಕೆ ಅಂಟುವಂಥದ್ದಾಗುತ್ತದೆ. ಲೋಹ ಇಲ್ಲದಿದ್ದರೂ ಯಂತ್ರ ಕೂಗುತ್ತದೆ. ನಿಧಿಯವರು ಹಳೇ ಊರಿನ ಹಾಳುದಿಬ್ಬ ಅಗೆಯುವುದು ಬಹಳ ಸಲ ಈ ಕೂಗನ್ನು ನಂಬಿಯೇ ಇರಬೇಕು.

ಎಲ್ಲ ನೆಲಕ್ಕೂ ಒಂದೇ ನಿಯಮ

ತಟ್ಟೆಯನ್ನು ನೆಲಕ್ಕೆ ಸಮನಾಗಿ, ಎರಡು ಬೆರಳು ಅಂತರದಲ್ಲಿ ಆಡಿಸಿ. ಹೊಸಬರು ತೊಟ್ಟಿಲು ತೂಗಿದ ಹಾಗೆ ಎರಡು ತುದಿಗೂ ಮೇಲೆತ್ತುತ್ತಾರೆ. ಆ ತುದಿಗಳಲ್ಲಿ ಏನೂ ಸಿಗುವುದಿಲ್ಲ. ಒಂದು ಬೀಸಿನ ಅರ್ಧದ ಮೇಲೆ ಇನ್ನೊಂದು ಬೀಸು ಬರಬೇಕು, ಕುಂಟೆ ಹೊಡೆಯುವಾಗ ಸಾಲು ಒಂದರ ಮೇಲೊಂದು ಕೂಡಿಸಿದ ಹಾಗೆ.

ಸದ್ದು ಬಂದರೆ ತಕ್ಷಣ ಗುದ್ದಲಿ ಹಾಕಬೇಡಿ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಆಮೇಲೆ ಅಡ್ಡ ನಿಂತು ಇನ್ನೊಂದು ದಿಕ್ಕಿನಿಂದ ಆಡಿಸಿ. ಪ್ರತಿ ಸಲವೂ ಅದೇ ಜಾಗದಲ್ಲಿ ಚುಟುಕಾಗಿ ಕೂಗಿದರೆ ಲೋಹ. ಒಂದು ದಿಕ್ಕಿಗೆ ಕೂಗಿ ಇನ್ನೊಂದಕ್ಕೆ ಸುಮ್ಮನಾದರೆ, ಅಥವಾ ಉದ್ದಕ್ಕೆ ಎಳೆದು ಕೂಗಿದರೆ ಬಹುಮಟ್ಟಿಗೆ ಮಣ್ಣು ಅಥವಾ ಕಲ್ಲು. ಈ ಒಂದು ನಿಯಮ ಕಲಿತ ಮೇಲೆ ನನ್ನ ಸುಳ್ಳು ಗುಂಡಿ ಅರ್ಧಕ್ಕಿಂತ ಕಡಿಮೆಯಾಯಿತು.

ತಂತಿಬೇಲಿ, ತಗಡಿನ ಶೆಡ್ಡು, ಕರೆಂಟಿನ ಲೈನು, ಪಂಪಿನ ಸ್ಟಾರ್ಟರು ಇವುಗಳಿಂದ ದೂರ ಇರಿ. ನಿಮ್ಮ ಬೂಟಿನ ಲಾಳ, ಸೊಂಟದ ಬೀಗದ ಕೈ, ಜೇಬಿನ ಮೊಬೈಲು ಕೂಡ ಲೋಹವೇ. ಇದಕ್ಕೊಂದು ಹಳೇ ಕತೆಯಿದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರಿಗೆ ಗುಂಡು ಬಿತ್ತು. ಗುಂಡು ಮೈಯೊಳಗೆ ಎಲ್ಲಿದೆ ಅಂತ ಹುಡುಕಲು ಟೆಲಿಫೋನು ಕಂಡುಹಿಡಿದ ಗ್ರಹಾಂ ಬೆಲ್ ಇಂಥದ್ದೇ ಯಂತ್ರ ಮಾಡಿಕೊಂಡು ಹೋದ. ಅದು ಸರಿಯಾಗಿ ತೋರಿಸಲಿಲ್ಲ. ಹಾಸಿಗೆಯ ಅಡಿಯಲ್ಲಿ ಉಕ್ಕಿನ ಸ್ಪ್ರಿಂಗು ಇದ್ದವಂತೆ. ಅದೂ ಅಲ್ಲದೆ ಗುಂಡು ಬಲಗಡೆ ಇದೆ ಅಂತ ನಂಬಿದ್ದ ವೈದ್ಯರು ಆ ಕಡೆ ಮಾತ್ರ ಹುಡುಕಲು ಬಿಟ್ಟರು. ಗುಂಡು ಇದ್ದದ್ದು ಎಡಗಡೆ. ಅಧ್ಯಕ್ಷರು ಉಳಿಯಲಿಲ್ಲ. ಯಂತ್ರ ಎಷ್ಟೇ ಒಳ್ಳೆಯದಿರಲಿ, ಸುತ್ತ ಏನಿದೆ ಅಂತ ನೋಡದಿದ್ದರೆ, ನಾವು ನಂಬಿದ ಜಾಗದಲ್ಲಿ ಮಾತ್ರ ಹುಡುಕಿದರೆ ಇದೇ ಗತಿ.

ಆಳದ ಬಗ್ಗೆ ಆಸೆ ಬೇಡ. ನನ್ನ ಯಂತ್ರಕ್ಕೆ ಕೆಂಪು ನೆಲದಲ್ಲಿ ಎರಡಿಂಚಿನ ಮೊಳೆ ನಾಲ್ಕಿಂಚು ಆಳದವರೆಗೆ ಕೇಳುತ್ತದೆ. ನೇಗಿಲ ಗುಳ ಒಂದಡಿ. ಸಣ್ಣ ವಸ್ತು ಆಳದಲ್ಲಿ ಕೇಳಲ್ಲ, ದೊಡ್ಡದು ಮಾತ್ರ ಕೇಳುತ್ತದೆ. ನಿಮ್ಮ ಯಂತ್ರಕ್ಕೆ ಎಷ್ಟು ಅಂತ ತಿಳಿಯಲು ಹೊಲದ ಮೂಲೆಯಲ್ಲಿ ಎರಡಿಂಚು, ನಾಲ್ಕಿಂಚು, ಆರಿಂಚು ಆಳಕ್ಕೆ ಒಂದೊಂದು ಮೊಳೆ ಹೂತು ಗುರುತಿನ ಕಡ್ಡಿ ನೆಟ್ಟುಬಿಡಿ. ಹುಡುಕಲು ಹೊರಡುವ ಮೊದಲು ದಿನಾ ಅಲ್ಲಿ ಆಡಿಸಿ ನೋಡಿ. ನನಗೆ ಅದೇ ಶಾಲೆ. ಆಮೇಲೆ ಆ ಮೊಳೆಗಳನ್ನು ತೆಗೆಯಲು ಮರೆಯಬೇಡಿ!

ಒಂದು ಮುಖ್ಯ ಮಾತು. ಈ ಯಂತ್ರದಲ್ಲಿ ಕಬ್ಬಿಣಕ್ಕೆ ಕಿವಿ ಮುಚ್ಚಿಕೊಳ್ಳುವ ಡಿಸ್ಕ್ರಿಮಿನೇಷನ್ ಎಂಬ ತಿರುಪು ಇರುತ್ತದೆ. ನಿಧಿಯವರಿಗೆ ಕಬ್ಬಿಣ ಬೇಡ, ಅವರು ಅದನ್ನು ಏರಿಸುತ್ತಾರೆ. ನಾವು ಸೊನ್ನೆಗೆ ಇಳಿಸಬೇಕು. ಅವರಿಗೆ ಬೇಡದ್ದೇ ನಮಗೆ ಬೇಕಾದ್ದು. ಅವರು ಬಂಗಾರ ಬಿಟ್ಟು ಉಳಿದದ್ದೆಲ್ಲ ಕಸ ಅಂತಾರೆ. ದನ ಸಾಯುವುದು ಆ ಕಸದಿಂದಲೇ.

ಯಂತ್ರಕ್ಕೆ ಆಗದ ಕೆಲಸವೂ ಇದೆ

ಟೈರಿನ ಕೂದಲಿನಂಥ ತಂತಿ ಚೂರನ್ನು ಯಂತ್ರ ಬಹಳ ಸಲ ಬಿಟ್ಟುಬಿಡುತ್ತದೆ. ಗೌರಿಯನ್ನು ಕೊಂದ ತಂತಿ ಆ ಜಾತಿಯದೇ. ಅದಕ್ಕೆ ನಾನು ಬೇರೆ ಉಪಾಯ ಮಾಡಿದ್ದೇನೆ. ಗುಜರಿಯಿಂದ ಹಳೇ ಸ್ಪೀಕರಿನ ಅಯಸ್ಕಾಂತ ಎಂಟು ತಂದು ಒಂದು ಮರದ ಪಟ್ಟಿಗೆ ಸಾಲಾಗಿ ಬಿಗಿದು, ಗೋಣಿ ಸುತ್ತಿ, ಕಣದ ಮೇಲೆ ನೆಲಕ್ಕೆ ತಾಗುವ ಹಾಗೆ ಎಳೆಯುತ್ತೇನೆ. ಮೇಲಿನ ಸಣ್ಣ ತಂತಿಗೆ ಅಯಸ್ಕಾಂತ, ಒಳಗಿನ ಮೊಳೆ, ಲಾಳ, ಗುಳಕ್ಕೆ ಯಂತ್ರ. ಎರಡೂ ಬೇಕು. ಮೇವು ಕತ್ತರಿಸುವ ಯಂತ್ರದ ಬಾಯಿಗೂ ಒಂದು ಅಯಸ್ಕಾಂತ ಕಟ್ಟಿದ್ದೇನೆ. ಹಸುವಿಗೇ ಅಯಸ್ಕಾಂತ ನುಂಗಿಸಿ ಹೊಟ್ಟೆಯಲ್ಲಿ ಕಬ್ಬಿಣ ಹಿಡಿದಿಡುವ ಪದ್ಧತಿಯೂ ಇದೆ. ಅದನ್ನು ಪಶುವೈದ್ಯರ ಕೈಯಲ್ಲೇ ಮಾಡಿಸಿ.

ಎಲ್ಲಕ್ಕಿಂತ ಮೇಲು, ಟೈರು ಸುಡುವುದನ್ನೇ ಬಿಡುವುದು. ನಾನು ಬಿಟ್ಟೆ.

ಯಂತ್ರ ಬಂದ ಮೇಲೆ ಕಣ ಮತ್ತು ಬಣವೆ ದೊಡ್ಡಿ ಸೇರಿ ಹತ್ತು ಗುಂಟೆಯಲ್ಲಿ ಸಿಕ್ಕಿದ್ದರ ಲೆಕ್ಕ ಬರೆದಿಟ್ಟಿದ್ದೇನೆ. ಮೊಳೆ ಅರವತ್ತಮೂರು, ಎತ್ತಿನ ಲಾಳ ಹನ್ನೊಂದು, ಮುಳ್ಳುತಂತಿ ತುಂಡು ಇಪ್ಪತ್ತು, ನೇಗಿಲ ಗುಳ ಎರಡು, ಮುರಿದ ಕುಡುಗೋಲು ಒಂದು, ನಡುವೆ ತೂತಿರುವ ಹಳೇ ಕಾಸು ಒಂದು. ನಮ್ಮಜ್ಜ ಕಳೆದುಕೊಂಡಿದ್ದಿರಬೇಕು. ಹೊಲದಲ್ಲಿ ಪಕ್ಕದವರ ಟ್ರ್ಯಾಕ್ಟರಿನ ಪಿನ್ನು ಸಿಕ್ಕಿತು. ಮಣ್ಣಲ್ಲಿ ಮುಚ್ಚಿಹೋಗಿದ್ದ ಹಳೇ ಕಬ್ಬಿಣದ ಪೈಪ್‌ಲೈನಿನ ವಾಲ್ವು ಹತ್ತು ನಿಮಿಷದಲ್ಲಿ ಸಿಕ್ಕಿತು, ಎರಡಾಳಿನ ಅಗೆತ ಉಳಿಯಿತು. ಒಂದು ಎಚ್ಚರಿಕೆ: ಪಂಪಿನ ಕೇಬಲ್ಲು ಹೋದ ದಾರಿ ನೆನಪಿಟ್ಟುಕೊಳ್ಳಿ. ಉದ್ದಕ್ಕೆ ಒಂದೇ ಗೆರೆಯಲ್ಲಿ ಸದ್ದು ಬಂದರೆ ಮೇನು ಆರಿಸದೆ ಹಾರೆ ಹಾಕಬೇಡಿ.

ನನ್ನ ಅಭಿಪ್ರಾಯ

ಏಳು ಸಾವಿರ ಕೊಟ್ಟು ಮೊಳೆ ಆಯಬೇಕಾ ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಒಬ್ಬೊಬ್ಬ ಸಣ್ಣ ರೈತನೂ ಕೊಳ್ಳಬೇಕಿಲ್ಲ. ವರ್ಷಕ್ಕೆ ಒಬ್ಬನಿಗೆ ಮೂರು ನಾಲ್ಕು ದಿನದ ಕೆಲಸ ಅಷ್ಟೇ. ಊರಿಗೊಂದು ಹಾಲಿನ ಡೇರಿ ಇದೆ. ಡೇರಿಯಲ್ಲಿ ಹಾಲು ಅಳೆಯುವ ಯಂತ್ರ ಇರುವ ಹಾಗೆ ಇದೂ ಒಂದಿರಲಿ. ಒಂದು ಕರೆಯುವ ಹಸುವಿನ ಬೆಲೆಯಲ್ಲಿ ಇಂಥ ಯಂತ್ರ ಆರೇಳು ಬರುತ್ತವೆ. ಊರಿನ ಒಂದು ಹಸು ಉಳಿದರೂ ಖರ್ಚು ಹುಟ್ಟಿತು.

ಇನ್ನೊಂದು ಭಯವೂ ನ್ಯಾಯವಾದದ್ದೇ. ಯಂತ್ರ ಊರಿಗೆ ಬಂದರೆ ಹುಡುಗರು ನಿಧಿಗೆ ಬೀಳುವುದಿಲ್ಲವಾ? ಬೀಳಬಹುದು. ಅದಕ್ಕೆ ಕಟ್ಟುಪಾಡು ಇರಲಿ. ಹಗಲು ಮಾತ್ರ ಕೊಡಬೇಕು. ಪುಸ್ತಕದಲ್ಲಿ ಹೆಸರು, ಸರ್ವೆ ನಂಬರು ಬರೆಯಬೇಕು. ಹೊಲದವನು ಎದುರಿಗಿರಬೇಕು. ಗುಡಿ, ಹಾಳುದಿಬ್ಬ, ವೀರಗಲ್ಲು, ಹಳೇ ಕೋಟೆ ಹತ್ತಿರ ತರಕೂಡದು. ತೋಡಿದ ಗುಂಡಿ ಅವತ್ತೇ ಮುಚ್ಚಿ ತುಳಿಯಬೇಕು.

ಕಾನೂನೂ ತಿಳಿದಿರಲಿ. ನೆಲದಲ್ಲಿ ಸಿಕ್ಕ ನಿಧಿ ಸಿಕ್ಕವನ ಪಾಲಲ್ಲ. ಬ್ರಿಟಿಷರ ಕಾಲದ 1878ರ ಕಾಯ್ದೆಯಲ್ಲೇ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು ಅಂತ ಇತ್ತು. ನಮ್ಮ ರಾಜ್ಯಕ್ಕೆ 1962ರ ಬೇರೆ ಕಾಯ್ದೆ ಇದೆ. ಹೊಲ ನನ್ನದು ಅಂತ ಅಡಗಿಸಿಟ್ಟರೆ ತಪ್ಪಿತಸ್ಥ ನಾನೇ. ರಾತ್ರಿ ಬಂದವರು ರಾತ್ರಿಯೇ ಹೋಗುತ್ತಾರೆ. ಪಹಣಿಯಲ್ಲಿ ಹೆಸರಿರುವುದು ನಮ್ಮದು.

ಕಲ್ಲಿನ ಬೆಲೆಯ ಬಗ್ಗೆ ಒಂದು ಮಾತು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬಂಗಾರದ ಗಣಿಯ ಬೀಡನ್ ಎಂಬ ಇಂಜಿನಿಯರಿಗೆ ಬಂಡೆಯ ಮೇಲೆ ಅಕ್ಷರ ಕಂಡಿತು. ಅದು ಅಶೋಕನ ಶಾಸನ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವರಿಗೆ ಪ್ರಿಯನಾದವನು ಅಂತ ಬಿರುದು ಮಾತ್ರ ಇತ್ತು. ಅಶೋಕ ಅನ್ನುವ ಹೆಸರೇ ಕೆತ್ತಿದ್ದು ಮೊದಲು ಸಿಕ್ಕಿದ್ದು ನಮ್ಮ ಒಣನೆಲದ ಆ ಬಂಡೆಯಲ್ಲಿ. ನಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಅಶೋಕನ ಶಾಸನ ಇದೆ. ಬಂಗಾರದ ಆಸೆಗೆ ಯಾರಾದರೂ ಆ ಬಂಡೆಗಳನ್ನು ಮದ್ದಿಟ್ಟು ಒಡೆದಿದ್ದರೆ? ನಾನು ಮಗುಚಿಸಿದ ವೀರಗಲ್ಲಿನ ಮೇಲೂ ಎರಡು ಸಾಲು ಅಕ್ಷರ ಇದೆ. ನನಗೆ ಓದಲು ಬರುವುದಿಲ್ಲ. ಓದಬಲ್ಲವರು ಬರುವವರೆಗೆ ಕಾಯುವ ಬದಲು ಅದರ ಬುಡ ಅಗೆಸಿದೆನಲ್ಲ ಅನ್ನುವ ನಾಚಿಕೆ ಇನ್ನೂ ಹೋಗಿಲ್ಲ. ಹೋದ ಯುಗಾದಿಗೆ ಮುಂಚೆ ನಾಲ್ಕು ಜನ ಸೇರಿ ಅದನ್ನು ಎತ್ತಿ ನಿಲ್ಲಿಸಿದ್ದೇವೆ. ಎಣ್ಣೆ ಹಚ್ಚುವಾಗ ಮನೆಯಾಕೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಒಟ್ಟು ನನ್ನ ವಾದ ಇಷ್ಟೇ. ಯಂತ್ರದ ತಪ್ಪಿಲ್ಲ. ಅದು ಕೂಗಿದಾಗ ನಾವು ಏನು ಬಯಸಿ ಕೇಳುತ್ತೇವೆ ಅನ್ನುವುದರಲ್ಲಿ ತಪ್ಪಿದೆ. ನಿಧಿಗೆ ಅಂತ ಆಡಿಸಿದವನಿಗೆ ಗರಸೂ ಬಂಗಾರವಾಗಿ ಕೂಗುತ್ತದೆ. ಮೊಳೆಗೆ ಅಂತ ಆಡಿಸಿದವನು ತನ್ನ ನೆಲ ಎಲ್ಲಿ ಗರಸು, ಎಲ್ಲಿ ಚೌಳು, ಎಲ್ಲಿ ಸುಟ್ಟದ್ದು ಅಂತ ಹೆಜ್ಜೆ ಹೆಜ್ಜೆಗೂ ಕಲಿಯುತ್ತಾನೆ. ಮೂವತ್ತು ವರ್ಷ ಉತ್ತ ನನ್ನ ಹೊಲದ ಬಗ್ಗೆ ನನಗೇ ಗೊತ್ತಿಲ್ಲದ ಎಷ್ಟೋ ಸಂಗತಿ ಈ ಯಂತ್ರ ಹಿಡಿದು ನಿಧಾನಕ್ಕೆ ನಡೆದಾಗ ತಿಳಿಯಿತು.

ಈಗ ಕೊಟ್ಟಿಗೆಯಲ್ಲಿ ಹೊಸ ಹಸು ಇದೆ, ಗಬ್ಬ. ಅವಳ ಬಣವೆಗೆ ಹೊಟ್ಟು ಒಟ್ಟುವ ಮೊದಲು ಕಣದ ಮೇಲೆ ಎರಡು ಸಲ ಅಯಸ್ಕಾಂತ ಎಳೆದೆ, ಒಂದು ಸಲ ಯಂತ್ರ ಆಡಿಸಿದೆ. ಏಳು ಮೊಳೆ ಸಿಕ್ಕವು. ನಿಮ್ಮಲ್ಲಿ ಯಾರಾದರೂ ಇದಕ್ಕಿಂತ ಸುಲಭದ, ಅಗ್ಗದ ದಾರಿ ಕಂಡುಕೊಂಡಿದ್ದರೆ, ಮುಖ್ಯವಾಗಿ ಟೈರಿನ ಸಣ್ಣ ತಂತಿಯನ್ನು ಹೊಲದಿಂದ ತೆಗೆಯುವ ಉಪಾಯ ಗೊತ್ತಿದ್ದರೆ, ಈ ಪುಟಕ್ಕೆ ಬರೆಯಿರಿ. ನನ್ನಂಥವರು ಕಾಯುತ್ತಿದ್ದೇವೆ.